ರೋಗಾಣುವೇ ಔಷಧಿಯಾಗುವಾಗ

ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಮಗ್ಗುಲಲ್ಲೇ ರಾಜಗೋಪಾಲನಗರವಿದೆ. ಬೆಳಗಿನ ಹೊತ್ತು ಇಲ್ಲಿನ ಬೀದಿಗಳಲ್ಲಿ ನಿಂತರೆ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್ ಕಾರ್ಖಾನೆಗಳತ್ತ ಧಾವಿಸುವ ಹೆಣ್ಣುಮಕ್ಕಳ ಸಾಲು ಕಾಣುತ್ತದೆ. ತುಮಕೂರು, ಹಾಸನ, ರಾಯಚೂರು, ಕಲಬುರಗಿಗಳಿಂದ ಬಂದು ವಠಾರದ ಒಂದು ಕೋಣೆಯಲ್ಲಿ ಸಂಸಾರ ಹೂಡಿದವರು ಇವರು. ಒಂದು ದಿನ ರಜೆ ಹಾಕಿದರೆ ಆ ದಿನದ ಸಂಬಳ ಹೋಯಿತು. ಎದೆಯಲ್ಲೊಂದು ಗಂಟು ಕೈಗೆ ಸಿಕ್ಕರೂ 'ನೋವಿಲ್ಲವಲ್ಲ, ಹಬ್ಬ ಕಳೆದ ಮೇಲೆ ನೋಡೋಣ' ಎಂದು ಮುಂದೂಡುವವರು ಇವರಲ್ಲಿ ಕಡಿಮೆಯಿಲ್ಲ.

2024ರ ನವೆಂಬರ್‌ನಲ್ಲಿ ಒಂದು ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಯುರೋಪಿನ ವಿಜ್ಞಾನಿಯೊಬ್ಬರು ತಮ್ಮ ಪ್ರಯೋಗಾಲಯದಲ್ಲಿ ಬೆಳೆಸಿದ ವೈರಸ್ಸನ್ನು ತಮ್ಮದೇ ಸ್ತನದ ಗಡ್ಡೆಗೆ ಚುಚ್ಚಿಸಿಕೊಂಡು ಗುಣ ಹೊಂದಿದರು ಎಂಬುದು ಆ ಸುದ್ದಿ. ಮೊಬೈಲಿನಿಂದ ಮೊಬೈಲಿಗೆ ಹಾರುವ ಹೊತ್ತಿಗೆ ಇಂಥ ಸುದ್ದಿಗೆ ರೆಕ್ಕೆಪುಕ್ಕ ಮೂಡುವುದು ಸಹಜ. 'ಇನ್ನು ಕಿಮೊಥೆರಪಿ ಬೇಕಿಲ್ಲವಂತೆ, ಒಂದು ಇಂಜೆಕ್ಷನ್ ಸಾಕಂತೆ' ಎಂಬಲ್ಲಿಗೆ ಅದು ಬಂದು ಮುಟ್ಟುತ್ತದೆ. ಇದು ನಿಜವೇ? ನಿಜವಾದರೆ ನಮಗೆ ಯಾವಾಗ ಸಿಗುತ್ತದೆ? ಈ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದರೆ ಇತಿಹಾಸದ ಕೆಲವು ಪುಟಗಳನ್ನು ತಿರುವಿ ಹಾಕಬೇಕು.

ಹಳೆಯ ವೈದ್ಯರ ವಿವೇಕ

ಸ್ತನ ಕ್ಯಾನ್ಸರ್ ಹೊಸ ಕಾಯಿಲೆಯೇನಲ್ಲ. ಸಾವಿರ ವರ್ಷಗಳ ಹಿಂದೆ ಸ್ಪೇನಿನ ಕೊರ್ಡೊವಾದಲ್ಲಿದ್ದ ಶಸ್ತ್ರವೈದ್ಯ ಅಬುಲ್ ಕಾಸಿಮ್ ಅಲ್ ಝಹ್ರಾವಿ ತಮ್ಮ 'ಅಲ್ ತಸ್ರೀಫ್' ಗ್ರಂಥದಲ್ಲಿ ಇದರ ಬಗ್ಗೆ ಬರೆದಿದ್ದಾರೆ. ಗಡ್ಡೆ ಚಿಕ್ಕದಾಗಿದ್ದು, ಆರಂಭದ ಹಂತದಲ್ಲಿದ್ದು, ಸ್ತನದಂತಹ ಪೂರ್ತಿ ಕತ್ತರಿಸಿ ತೆಗೆಯಬಹುದಾದ ಜಾಗದಲ್ಲಿದ್ದರೆ ಶಸ್ತ್ರಚಿಕಿತ್ಸೆ ಮಾಡಬಹುದು. ಹಳೆಯದಾಗಿ ದೊಡ್ಡದಾಗಿ ಬೆಳೆದಿದ್ದರೆ ಅದರ ತಂಟೆಗೆ ಹೋಗಬಾರದು ಎಂಬುದು ಅವರ ಅಭಿಪ್ರಾಯ. ಅಂತಹ ಬಲಿತ ಗಡ್ಡೆಯನ್ನು ತಾನು ಗುಣಪಡಿಸಿದ್ದಿಲ್ಲ, ಗುಣಪಡಿಸಿದ ಇನ್ನೊಬ್ಬರನ್ನು ನೋಡಿದ್ದೂ ಇಲ್ಲ ಎಂದು ಅವರು ಯಾವ ಮುಚ್ಚುಮರೆಯೂ ಇಲ್ಲದೆ ಒಪ್ಪಿಕೊಳ್ಳುತ್ತಾರೆ. 1013ರಲ್ಲಿ ತೀರಿಕೊಂಡ ಆ ವೈದ್ಯನ ಮಾತಿನಲ್ಲಿರುವ ಪ್ರಾಮಾಣಿಕತೆ ಇಂದಿನ ಎಷ್ಟೋ ಜಾಹೀರಾತುಗಳಲ್ಲಿ ಇಲ್ಲ.

ಅವರಿಗಿಂತ ಸುಮಾರು ಒಂದು ಶತಮಾನ ಮೊದಲು ಇರಾನಿನ ರಯ್ ನಗರದ ಅರ್‌ರಾಝಿ, ಸಿಡುಬು ಮತ್ತು ದಡಾರ ಎರಡೂ ಬೇರೆ ಬೇರೆ ರೋಗಗಳೆಂದು ವಿವರಿಸುವ ಗ್ರಂಥವನ್ನು ಬರೆದಿದ್ದರು. ವೈರಸ್ ಎಂಬ ಕಲ್ಪನೆಯೇ ಇಲ್ಲದ ಕಾಲವದು. ಅವರು ಬೇರ್ಪಡಿಸಿ ತೋರಿಸಿದ ಆ ಎರಡು ರೋಗಗಳಲ್ಲಿ ದಡಾರದ ವೈರಸ್ಸು ಮತ್ತು ಸಿಡುಬಿನ ಲಸಿಕೆಯಲ್ಲಿ ಬಳಸಿದ ವೈರಸ್ಸು ಮುಂದೊಂದು ದಿನ ಕ್ಯಾನ್ಸರಿನ ವಿರುದ್ಧ ಆಯುಧಗಳಾಗಬಹುದು ಎಂದು ಆಗ ಯಾರು ತಾನೇ ಊಹಿಸಿದ್ದರು?

ಮೈಸೂರು ರಾಣಿಯ ತೋಳು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎಂಬ ಗಾದೆ ನಮ್ಮಲ್ಲಿದೆ. ವೈದ್ಯಶಾಸ್ತ್ರದಲ್ಲಿ ಈ ಗಾದೆಗೆ ಸಾಕ್ಷಿ ಒದಗಿಸಿದ ಮೊದಲ ದೊಡ್ಡ ಘಟನೆ ಸಿಡುಬಿನ ಲಸಿಕೆ. 1796ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನ ಕೀವನ್ನು ಮನುಷ್ಯನ ತೋಳಿಗೆ ಹಾಕಿ, ಮಾರಕ ಸಿಡುಬಿನಿಂದ ರಕ್ಷಣೆ ಸಿಗುತ್ತದೆಂದು ತೋರಿಸಿದರು. 1802ರ ಜೂನ್‌ನಲ್ಲಿ ಈ ಲಸಿಕೆ ಬೊಂಬಾಯಿಗೆ ಬಂತು. ಮೂರು ವರ್ಷಗಳಲ್ಲಿ ಅದು ಮೈಸೂರು ಅರಮನೆಯನ್ನು ತಲುಪಿತು.

1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ ಮೂವರು ಸ್ತ್ರೀಯರ ತೈಲಚಿತ್ರವೊಂದನ್ನು ಬಿಡಿಸಿದ. ಬಹುಕಾಲ ಅದನ್ನು ನರ್ತಕಿಯರ ಚಿತ್ರವೆಂದೇ ಭಾವಿಸಲಾಗಿತ್ತು. ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಅಧ್ಯಯನದ ಪ್ರಕಾರ ಅವರು ಮೈಸೂರಿನ ರಾಜಮನೆತನದ ಹೆಂಗಸರು. ಅವರಲ್ಲಿ ಒಬ್ಬರು ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ. ಆಕೆ ಸೆರಗನ್ನು ತುಸು ಸರಿಸಿ ತೋಳನ್ನು ತೋರಿಸುತ್ತಿರುವುದು ಲಸಿಕೆ ಹಾಕಿಸಿಕೊಂಡ ಜಾಗವನ್ನು ಸೂಚಿಸಲಿಕ್ಕಂತೆ. ಆಗಿನ್ನೂ ಟಿಪ್ಪು ಸುಲ್ತಾನ್ ಮಡಿದು ಆರೇ ವರ್ಷಗಳಾಗಿದ್ದವು. ಹೊಸ ದೊರೆಗಳು ತಂದ ಹೊಸ ಮದ್ದನ್ನು ಜನ ಅನುಮಾನದಿಂದ ನೋಡುತ್ತಿದ್ದ ಕಾಲವದು. ರಾಣಿಯೇ ಹಾಕಿಸಿಕೊಂಡಿದ್ದಾಳೆ ಎಂದರೆ ಜನರೂ ಮುಂದೆ ಬರುತ್ತಾರೆ ಎಂಬ ಲೆಕ್ಕಾಚಾರ ಈ ಚಿತ್ರದ ಹಿಂದೆ ಇದ್ದಿರಬೇಕು. ನಮ್ಮ ಹಿರಿಯರು 'ದಾಕು ಹಾಕಿಸುವುದು' ಎನ್ನುತ್ತಿದ್ದ ಪದ್ಧತಿಯ ಆರಂಭ ಇಲ್ಲಿದೆ.

ಆ ಲಸಿಕೆಯ ವಂಶದ ವೈರಸ್ಸಿಗೆ ವ್ಯಾಕ್ಸೀನಿಯಾ ಎಂದು ಹೆಸರು. 1922ರಲ್ಲಿ ಪ್ಯಾರಿಸ್ಸಿನ ಲೆವಾಡಿಟಿ ಮತ್ತು ನಿಕೋಲಾವ್ ಎಂಬ ವಿಜ್ಞಾನಿಗಳು ಪ್ರಾಣಿಗಳ ಗಡ್ಡೆಗಳಲ್ಲಿ ಈ ವೈರಸ್ಸು ಹುಲುಸಾಗಿ ಬೆಳೆಯುವುದನ್ನು ಗಮನಿಸಿದರು. ಸಿಡುಬನ್ನು ಓಡಿಸಿದ ವೈರಸ್ಸು ಕ್ಯಾನ್ಸರನ್ನೂ ಓಡಿಸಬಲ್ಲದೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಜೀವಂತವಾಗಿದೆ.

ಜ್ವರ ಬಂತು, ಗಡ್ಡೆ ಕರಗಿತು

ಇದಕ್ಕೂ ಮುನ್ನ ಕೆಲವು ವಿಚಿತ್ರ ಪ್ರಕರಣಗಳು ವೈದ್ಯರ ಕಣ್ಣಿಗೆ ಬಿದ್ದಿದ್ದವು. ನ್ಯೂಯಾರ್ಕಿನ ಯುವ ಶಸ್ತ್ರವೈದ್ಯ ವಿಲಿಯಂ ಕೋಲಿ 1891ರ ಆರಂಭದಲ್ಲಿ ಹದಿನೇಳರ ಹುಡುಗಿಯೊಬ್ಬಳನ್ನು ಮೂಳೆಯ ಕ್ಯಾನ್ಸರಿನಿಂದ ಉಳಿಸಿಕೊಳ್ಳಲಾಗದೆ ಕಂಗೆಟ್ಟಿದ್ದರು. ಆಸ್ಪತ್ರೆಯ ಹಳೆಯ ಕಡತಗಳನ್ನು ತಡಕಾಡಿದಾಗ, ಕುತ್ತಿಗೆಯ ಗಡ್ಡೆಯಿಂದ ಸಾಯುವ ಸ್ಥಿತಿಯಲ್ಲಿದ್ದ ರೋಗಿಯೊಬ್ಬ ಚರ್ಮದ ತೀವ್ರ ಸೋಂಕು ತಗುಲಿ ಜ್ವರ ಬಂದು ಇಳಿದ ಮೇಲೆ ಗುಣವಾಗಿದ್ದ ದಾಖಲೆ ಸಿಕ್ಕಿತು. ಕೋಲಿ ರೋಗಿಗಳಿಗೆ ಬೇಕೆಂದೇ ಬ್ಯಾಕ್ಟೀರಿಯಾ ಚುಚ್ಚಿದರು. ಬಳಿಕ ಸತ್ತ ಬ್ಯಾಕ್ಟೀರಿಯಾಗಳ ಮಿಶ್ರಣ ತಯಾರಿಸಿದರು. ಕೆಲವರು ಗುಣವಾದರು, ಅನೇಕರು ಆಗಲಿಲ್ಲ. ವಿಕಿರಣ ಚಿಕಿತ್ಸೆಯ ಅಬ್ಬರದಲ್ಲಿ ಕೋಲಿಯವರ ಮದ್ದು ಮೂಲೆ ಸೇರಿತು. ಅವರ ಮಗಳು ಹೆಲೆನ್ ಕೋಲಿ ನಾಟ್ಸ್ ತಂದೆಯ ಕಾಗದಪತ್ರಗಳನ್ನೆಲ್ಲ ಕಲೆಹಾಕಿ, 1953ರಲ್ಲಿ ಇದೇ ವಿಷಯದ ಸಂಶೋಧನೆಗೆಂದು ಸಂಸ್ಥೆಯೊಂದನ್ನು ಕಟ್ಟಿದರು.

1904ರಲ್ಲಿ ಅಮೆರಿಕದ ವೈದ್ಯ ಜಾರ್ಜ್ ಡಾಕ್, ರಕ್ತದ ಕ್ಯಾನ್ಸರಿದ್ದ 42 ವರ್ಷದ ಮಹಿಳೆಯೊಬ್ಬಳಿಗೆ ಇನ್‌ಫ್ಲುಯೆಂಜಾ ಬಂದಾಗ ಬಿಳಿ ರಕ್ತಕಣಗಳ ಸಂಖ್ಯೆ ದಿಢೀರನೆ ಇಳಿದದ್ದನ್ನು ವರದಿ ಮಾಡಿದರು. 1912ರಲ್ಲಿ ಇಟಲಿಯ ನಿಕೋಲಾ ಡಿ ಪಾಚೆ ಇನ್ನೊಂದು ಪ್ರಕರಣ ದಾಖಲಿಸಿದರು. ಗರ್ಭಕೊರಳಿನ ಕ್ಯಾನ್ಸರಿದ್ದ ಹೆಂಗಸಿಗೆ ನಾಯಿ ಕಚ್ಚಿತ್ತು. ರೇಬೀಸ್ ಲಸಿಕೆ ಕೊಟ್ಟ ಮೇಲೆ ಆಕೆಯ ಗಡ್ಡೆ ಕುಗ್ಗಿತ್ತು. 1971ರಲ್ಲಿ ಉಗಾಂಡದಿಂದ ಬಂದ ವರದಿಯಂತೂ ಇನ್ನಷ್ಟು ಕುತೂಹಲಕರ. ಕಣ್ಣಿನ ಬಳಿ ಕ್ಯಾನ್ಸರ್ ಗಡ್ಡೆಯಿದ್ದ 8 ವರ್ಷದ ಬಾಲಕನಿಗೆ ದಡಾರ ತಗುಲಿತು. ಚಿಕಿತ್ಸೆ ಶುರುವಾಗುವ ಮೊದಲೇ ಗಡ್ಡೆ ಕರಗತೊಡಗಿತು!

ಆದರೆ ಒಂದು ಮಾತನ್ನು ಮರೆಯಬಾರದು. ಇವೆಲ್ಲ ಒಬ್ಬೊಬ್ಬ ರೋಗಿಯ ಕಥೆಗಳು. ದಡಾರ ಬಂದೂ ಕ್ಯಾನ್ಸರಿನಿಂದ ಸತ್ತವರ ಕಥೆಯನ್ನು ಯಾರೂ ಬರೆದಿಡುವುದಿಲ್ಲ. ಪವಾಡದಂತೆ ಕಾಣುವ ಘಟನೆ ಪ್ರಶ್ನೆಯೊಂದನ್ನು ಎತ್ತಬಲ್ಲದು, ಉತ್ತರ ಕೊಡಲಾರದು.

ಕೇಳದೆ ಚುಚ್ಚಿದ ಸೂಜಿ

ಎರಡನೇ ಮಹಾಯುದ್ಧದ ಬಳಿಕ ಆಸ್ಪತ್ರೆಗಳಲ್ಲಿ ಪ್ರಯೋಗಗಳ ಭರಾಟೆ ಆರಂಭವಾಯಿತು. ಕಾಮಾಲೆಯ ವೈರಸ್, ಸೊಳ್ಳೆಯಿಂದ ಹರಡುವ ಜ್ವರದ ವೈರಸ್, ನೆಗಡಿಯ ವೈರಸ್ ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಲಾಯಿತು. ನ್ಯೂಯಾರ್ಕಿನ ಚೆಸ್ಟರ್ ಸೌಥಮ್ ಮತ್ತು ಆಲಿಸ್ ಮೂರ್ 1952ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಾಳುವ ಭರವಸೆಯಿಲ್ಲದ 34 ರೋಗಿಗಳಿಗೆ ವೆಸ್ಟ್ ನೈಲ್ ವೈರಸ್ಸಿನ ತಳಿಯೊಂದನ್ನು ನೀಡಲಾಗಿತ್ತು. ಕೆಲವರ ಗಡ್ಡೆ ತಾತ್ಕಾಲಿಕವಾಗಿ ಕುಗ್ಗಿತು. ಕೆಲವರ ಮೆದುಳಿಗೆ ಉರಿಯೂತ ಬಂತು.

ಇದೇ ಸೌಥಮ್ 1963ರಲ್ಲಿ ಬ್ರೂಕ್ಲಿನ್‌ನ ಯಹೂದಿ ಆಸ್ಪತ್ರೆಯೊಂದರಲ್ಲಿ 22 ಮಂದಿ ದೀರ್ಘಕಾಲದ ರೋಗಿಗಳಿಗೆ ಜೀವಂತ ಕ್ಯಾನ್ಸರ್ ಕೋಶಗಳನ್ನು ಚುಚ್ಚಿಸಿದರು. ದೇಹದ ರೋಗನಿರೋಧಕ ಶಕ್ತಿ ಅವುಗಳನ್ನು ಹೇಗೆ ಎದುರಿಸುತ್ತದೆಂದು ತಿಳಿಯುವುದು ಉದ್ದೇಶವಾಗಿತ್ತು. ಚುಚ್ಚುತ್ತಿರುವುದು ಕ್ಯಾನ್ಸರ್ ಕೋಶ ಎಂಬುದನ್ನು ರೋಗಿಗಳಿಗೆ ಹೇಳಿರಲಿಲ್ಲ. ಆ ಆಸ್ಪತ್ರೆಯ ಮೂವರು ಕಿರಿಯ ಯಹೂದಿ ವೈದ್ಯರು ಇದರಲ್ಲಿ ಪಾಲುಗೊಳ್ಳಲು ನಿರಾಕರಿಸಿ ರಾಜೀನಾಮೆ ನೀಡಿದರು. ನಾಝಿ ವೈದ್ಯರ ಕ್ರೌರ್ಯದ ನೆನಪು ಇನ್ನೂ ಮಾಸಿರದ ಕಾಲವದು. ವಿಚಾರಣೆ ನಡೆದು ಸೌಥಮ್‌ಗೆ ಒಂದು ವರ್ಷದ ಎಚ್ಚರಿಕೆಯ ಶಿಕ್ಷೆಯಾಯಿತು. ವಿಪರ್ಯಾಸವೆಂದರೆ, 1968ರಲ್ಲಿ ಅವರೇ ಅಮೆರಿಕದ ಕ್ಯಾನ್ಸರ್ ಸಂಶೋಧಕರ ಸಂಘದ ಅಧ್ಯಕ್ಷರಾದರು.

ಇದು ದೂರದ ದೇಶದ ಹಳೆಯ ಕಥೆ ಎಂದು ತಳ್ಳಿಹಾಕುವಂತಿಲ್ಲ. ನೆರೆಯ ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದಲ್ಲಿ ಬಾಯಿಯ ಕ್ಯಾನ್ಸರ್ ರೋಗಿಗಳ ಗಡ್ಡೆಗೆ ಪ್ರಾಯೋಗಿಕ ರಾಸಾಯನಿಕವೊಂದನ್ನು ಚುಚ್ಚಿದ್ದು 2001ರಲ್ಲಿ ದೊಡ್ಡ ವಿವಾದವಾಯಿತು. ಇದರಲ್ಲಿ ಪಾಲುದಾರರಾಗಿದ್ದ ಅಮೆರಿಕದ ವಿಜ್ಞಾನಿ ತಮ್ಮ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಅನುಮತಿಯನ್ನೇ ಪಡೆದಿರಲಿಲ್ಲ ಎಂಬುದು ವಿಚಾರಣೆಯಲ್ಲಿ ಹೊರಬಿತ್ತು. ಭಾರತದಲ್ಲಿ ಔಷಧಿ ಪ್ರಯೋಗಗಳ ಕಾನೂನು ಹಂತ ಹಂತವಾಗಿ ಬಿಗಿಯಾಗಿ 2019ರಲ್ಲಿ ಹೊಸ ನಿಯಮಗಳೇ ಬಂದವು. ಇಂತಹ ಪ್ರಕರಣಗಳು ಕಲಿಸಿದ ಪಾಠ ಇದರ ಹಿಂದಿದೆ. ಬಡವರ ದೇಹ ಪ್ರಯೋಗದ ಗದ್ದೆಯಲ್ಲ ಎಂಬ ಸರಳ ಸತ್ಯವನ್ನು ಕಾನೂನಿನ ಭಾಷೆಯಲ್ಲಿ ಬರೆಯಲು ಎಷ್ಟು ದಶಕಗಳು ಬೇಕಾದವು!

ಕೊಲ್ಲುವವನಲ್ಲ, ಎಬ್ಬಿಸುವವನು

ವೈರಸ್ಸು ಕ್ಯಾನ್ಸರ್ ಕೋಶವನ್ನೇ ಏಕೆ ಹೆಚ್ಚು ಬಾಧಿಸುತ್ತದೆ? ವೈರಸ್ ಒಳನುಗ್ಗಿದರೆ ಆರೋಗ್ಯವಂತ ಕೋಶ ಇಂಟರ್‌ಫೆರಾನ್ ಎಂಬ ವಸ್ತುವನ್ನು ಹೊರಸೂಸಿ ನೆರೆಹೊರೆಗೆ ಎಚ್ಚರಿಕೆ ಕೊಡುತ್ತದೆ. ಇದು ಪತ್ತೆಯಾದದ್ದು 1957ರಲ್ಲಿ. ಕಡಿವಾಣವಿಲ್ಲದೆ ಬೆಳೆಯುವ ಅನೇಕ ಕ್ಯಾನ್ಸರ್ ಕೋಶಗಳು ಈ ಕಾವಲನ್ನು ಕಳೆದುಕೊಂಡಿರುತ್ತವೆ. ಕಾವಲಿಲ್ಲದ ಮನೆಗೆ ಕಳ್ಳ ಸುಲಭವಾಗಿ ನುಗ್ಗುತ್ತಾನೆ. ವೈರಸ್ಸು ಒಳಗೆ ಸಾವಿರಾರು ಪಾಲಾಗಿ ಬೆಳೆದು ಕೋಶವನ್ನು ಒಡೆದು ಹೊರಬರುತ್ತದೆ.

1991ರಲ್ಲಿ ರಾಬರ್ಟ್ ಮಾರ್ಟುಝಾ ಮತ್ತು ಸಂಗಡಿಗರು ಹರ್ಪಿಸ್ ವೈರಸ್ಸಿನ ಒಂದು ವಂಶವಾಹಿಯನ್ನು ಕಿತ್ತುಹಾಕಿ, ಇಲಿಗಳಲ್ಲಿ ಮೆದುಳಿನ ಗಡ್ಡೆಯ ಮೇಲೆ ಪ್ರಯೋಗಿಸಿದರು. ಜ್ವರ ಬಂದಾಗ ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಅದೇ ವೈರಸ್ಸು ಇದು. ಇಲ್ಲಿಂದ ವೈರಸ್ಸನ್ನು ಪಳಗಿಸುವ ಯುಗ ಆರಂಭವಾಯಿತು. 2005ರಲ್ಲಿ ಚೀನಾ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರಿಗೆ ಮಾರ್ಪಡಿಸಿದ ಅಡಿನೋವೈರಸ್ಸನ್ನು ಮಂಜೂರು ಮಾಡಿತು. 2015ರ ಅಕ್ಟೋಬರ್‌ನಲ್ಲಿ ಅಮೆರಿಕ, ಚರ್ಮದ ಮೆಲನೋಮಾ ಕ್ಯಾನ್ಸರಿಗೆ ಟಿ-ವೆಕ್ ಎಂಬ ಹರ್ಪಿಸ್ ಮೂಲದ ಔಷಧಿಗೆ ಅನುಮತಿ ನೀಡಿತು. 436 ರೋಗಿಗಳ ಪರೀಕ್ಷೆಯಲ್ಲಿ ಟಿ-ವೆಕ್ ಪಡೆದವರ ಪೈಕಿ ಶೇಕಡ 16.3 ಮಂದಿಗೆ ದೀರ್ಘಕಾಲ ಉಳಿಯುವ ಪರಿಣಾಮ ಸಿಕ್ಕಿತ್ತು. ಹೋಲಿಕೆಯ ಗುಂಪಿನಲ್ಲಿ ಇದು ಶೇಕಡ 2.1 ಮಾತ್ರ. 2021ರಲ್ಲಿ ಜಪಾನ್ ಮೆದುಳಿನ ಕ್ಯಾನ್ಸರಿಗೆ ಇಂಥದೇ ಔಷಧಿಗೆ ಷರತ್ತಿನ ಅನುಮತಿ ಕೊಟ್ಟಿತು.

ಈ ಅವಧಿಯಲ್ಲಿ ವಿಜ್ಞಾನಿಗಳ ತಿಳುವಳಿಕೆಯೇ ಬದಲಾಯಿತು. ವೈರಸ್ಸು ಎಲ್ಲ ಕ್ಯಾನ್ಸರ್ ಕೋಶಗಳನ್ನೂ ತಾನೇ ಕೊಲ್ಲುವುದಿಲ್ಲ. ಅದು ಒಡೆದ ಕೋಶದ ಚೂರುಗಳು ಹೊರಗೆ ಚೆಲ್ಲಿದಾಗ, ಅಷ್ಟು ದಿನ ಗಡ್ಡೆಯನ್ನು ತನ್ನದೇ ಅಂಗವೆಂದು ಭಾವಿಸಿ ಸುಮ್ಮನಿದ್ದ ದೇಹದ ರಕ್ಷಣಾಪಡೆ ಎಚ್ಚೆತ್ತು ಧಾವಿಸುತ್ತದೆ. ವೈರಸ್ಸಿನ ಮುಖ್ಯ ಕೆಲಸ ಕೊಲ್ಲುವುದಲ್ಲ, ಮಲಗಿದ್ದವರನ್ನು ಎಬ್ಬಿಸುವುದು. ವಿಲಿಯಂ ಕೋಲಿಯವರ ಜ್ವರದ ಮದ್ದಿನ ಗುಟ್ಟೂ ಬಹುಶಃ ಇದೇ ಇದ್ದೀತು.

ಎದ್ದ ಪಡೆಯನ್ನು ಮತ್ತೆ ಮಲಗಿಸುವ ಉಪಾಯವೂ ಕ್ಯಾನ್ಸರಿಗೆ ಗೊತ್ತು. ನಮ್ಮ ರಕ್ತದಲ್ಲಿನ ಟಿ ಕೋಶಗಳು ಹದ್ದುಮೀರಿ ಸ್ವಂತ ದೇಹವನ್ನೇ ತಿನ್ನದಿರಲೆಂದು ಅವಕ್ಕೆ ಬ್ರೇಕುಗಳಿವೆ. ಕ್ಯಾನ್ಸರ್ ಆ ಬ್ರೇಕನ್ನು ಅದುಮಿ ಹಿಡಿಯುತ್ತದೆ. 1992ರಲ್ಲಿ ಜಪಾನಿನ ತಸುಕು ಹೊಂಜೊ ಅಂತಹ ಒಂದು ಬ್ರೇಕನ್ನು ಪತ್ತೆಹಚ್ಚಿದರು. 1996ರಲ್ಲಿ ಅಮೆರಿಕದ ಜೇಮ್ಸ್ ಆಲಿಸನ್ ಇನ್ನೊಂದು ಬ್ರೇಕನ್ನು ತಡೆದರೆ ಇಲಿಗಳ ಗಡ್ಡೆ ಕರಗುವುದೆಂದು ತೋರಿಸಿದರು. 2018ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಬ್ರೇಕನ್ನು ಬಿಡಿಸುವ ಈ ಔಷಧಿಗಳೇ ಇಂದು ಇಮ್ಯುನೋಥೆರಪಿ ಎಂದು ಹೆಸರಾಗಿರುವ ಚಿಕಿತ್ಸೆಯ ಮುಖ್ಯ ಭಾಗ. ವೈರಸ್ಸು ಪಡೆಯನ್ನು ಎಬ್ಬಿಸಲಿ, ಔಷಧಿ ಬ್ರೇಕನ್ನು ಬಿಡಿಸಲಿ ಎಂಬುದೇ ಎರಡನ್ನೂ ಜೋಡಿಸುವ ಆಲೋಚನೆಯ ತಿರುಳು.

ಇಲಿಗೂ ಮನುಷ್ಯನಿಗೂ ನಡುವಿನ ದೂರ

ಸ್ತನ ಕ್ಯಾನ್ಸರಿನಲ್ಲಿ ಟ್ರಿಪಲ್ ನೆಗೆಟಿವ್ ಎಂಬ ಬಗೆಯೊಂದಿದೆ. ಎರಡು ಹಾರ್ಮೋನುಗಳ ಗುರುತಾಗಲಿ, ಹರ್-2 ಎಂಬ ಪ್ರೋಟೀನಿನ ಗುರುತಾಗಲಿ ಇದರಲ್ಲಿ ಇರುವುದಿಲ್ಲ. ಆದ್ದರಿಂದ ಆ ಗುರುತುಗಳನ್ನು ಹಿಡಿದು ಹೊಡೆಯುವ ಔಷಧಿಗಳು ಇಲ್ಲಿ ಕೆಲಸ ಮಾಡವು. ಪಾಶ್ಚಾತ್ಯ ದೇಶಗಳಿಗಿಂತ ಭಾರತದ ಮಹಿಳೆಯರಲ್ಲಿ ಇದರ ಪ್ರಮಾಣ ಹೆಚ್ಚು. ಸುಮಾರು ಮೂವರಲ್ಲಿ ಒಬ್ಬರಿಗೆ ಈ ಬಗೆ ಎಂದು ಭಾರತದ ಅಧ್ಯಯನಗಳ ಒಟ್ಟು ಲೆಕ್ಕ ಹೇಳುತ್ತದೆ.

2018ರಲ್ಲಿ ಕೆನಡಾದ ಒಟ್ಟಾವಾ ನಗರದ ಮರಿ-ಕ್ಲೋಡ್ ಬೂರ್ಜ್ವಾ-ಡೇನ್ಯೊ, ಜಾನ್ ಬೆಲ್ ಮೊದಲಾದವರು ಈ ಬಗೆಯ ಸ್ತನ ಕ್ಯಾನ್ಸರ್ ಇರುವ ಇಲಿಗಳ ಮೇಲೆ ಪ್ರಯೋಗ ನಡೆಸಿದರು. ಶಸ್ತ್ರಚಿಕಿತ್ಸೆಗೆ ಮೊದಲು ಮರಾಬಾ ಎಂಬ ವೈರಸ್ಸನ್ನು ಕೊಟ್ಟರು. ಬ್ರೆಜಿಲಿನ ಮರಳುನೊಣಗಳಲ್ಲಿ ಸಿಕ್ಕ ವೈರಸ್ಸದು. ವೈರಸ್ ಮಾತ್ರ ಕೊಟ್ಟಾಗ ಶೇಕಡ 20ರಿಂದ 30 ಇಲಿಗಳು ಗುಣವಾದವು. ಬ್ರೇಕ್ ಬಿಡಿಸುವ ಔಷಧಿ ಮಾತ್ರ ಕೊಟ್ಟಾಗ ಒಂದೂ ಗುಣವಾಗಲಿಲ್ಲ. ಎರಡನ್ನೂ ಸೇರಿಸಿ ಕೊಟ್ಟಾಗ ಶೇಕಡ 60ರಿಂದ 90 ಗುಣವಾದವು. ಆಶಾಕಿರಣ ಎಂದರೆ ಇದೇ.

ಆದರೆ ಇಲಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಗೆಲ್ಲಲೇಬೇಕೆಂದಿಲ್ಲ. ಮೆಲನೋಮಾದ ಉದಾಹರಣೆಯನ್ನೇ ನೋಡಿ. 2017ರಲ್ಲಿ 21 ರೋಗಿಗಳಿಗೆ ಟಿ-ವೆಕ್ ಮತ್ತು ಪೆಂಬ್ರೊಲಿಝುಮಾಬ್ ಎಂಬ ಬ್ರೇಕ್ ಬಿಡಿಸುವ ಔಷಧಿಯನ್ನು ಜೊತೆಯಾಗಿ ಕೊಟ್ಟಾಗ ಶೇಕಡ 62 ಮಂದಿಗೆ ಪ್ರಯೋಜನವಾಗಿತ್ತು. ಎಲ್ಲರೂ ಹರ್ಷಪಟ್ಟರು. ಅದನ್ನೇ 692 ರೋಗಿಗಳಲ್ಲಿ ಸರಿಯಾದ ಹೋಲಿಕೆಯೊಂದಿಗೆ ಪರೀಕ್ಷಿಸಿದಾಗ, ಎರಡನ್ನು ಕೊಟ್ಟದ್ದರಿಂದ ಒಂದನ್ನೇ ಕೊಟ್ಟದ್ದಕ್ಕಿಂತ ಗಮನಾರ್ಹ ಲಾಭವೇನೂ ಕಾಣಲಿಲ್ಲ. ಮೈಸೂರು ರಾಣಿಯ ಲಸಿಕೆಯ ಕುಲದ ವೈರಸ್ಸಿನಿಂದ ಮಾಡಿದ ಔಷಧಿಯೂ ಯಕೃತ್ತಿನ ಕ್ಯಾನ್ಸರಿನ ದೊಡ್ಡ ಪರೀಕ್ಷೆಯಲ್ಲಿ 2019ರಲ್ಲಿ ಸೋತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಸ್ತನ ಕ್ಯಾನ್ಸರಿನಲ್ಲಿ ಮನುಷ್ಯರ ಮೇಲಿನ ಫಲಿತಾಂಶಗಳು ಇನ್ನೂ ಚಿಕ್ಕವು. ಮುಂದುವರಿದ ಸ್ತನ ಕ್ಯಾನ್ಸರಿದ್ದ 74 ಮಹಿಳೆಯರ ಪರೀಕ್ಷೆಯೊಂದರಲ್ಲಿ ಕಿಮೊಥೆರಪಿಯ ಜೊತೆ ರಿಯೋವೈರಸ್ ಪಡೆದವರು ಸರಾಸರಿ 17.4 ತಿಂಗಳು ಬದುಕಿದರು. ಕಿಮೊಥೆರಪಿ ಮಾತ್ರ ಪಡೆದವರು 10.4 ತಿಂಗಳು. ಆದರೆ ಗಡ್ಡೆ ಮತ್ತೆ ಬೆಳೆಯಲು ತೆಗೆದುಕೊಂಡ ಸಮಯದಲ್ಲಿ ವ್ಯತ್ಯಾಸವಿರಲಿಲ್ಲ. 2023ರಲ್ಲಿ ಹಾತಿಮ್ ಸುಲೈಮಾನ್ ಮತ್ತು ಸಂಗಡಿಗರು ಅಮೆರಿಕದ ಫ್ಲಾರಿಡಾದಿಂದ ಪ್ರಕಟಿಸಿದ ಅಧ್ಯಯನದಲ್ಲಿ 37 ಟ್ರಿಪಲ್ ನೆಗೆಟಿವ್ ರೋಗಿಗಳಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಕಿಮೊಥೆರಪಿಯ ಜೊತೆ ಟಿ-ವೆಕ್ ಚುಚ್ಚಲಾಯಿತು. ಶೇಕಡ 45.9 ಮಂದಿಯಲ್ಲಿ ಶಸ್ತ್ರಚಿಕಿತ್ಸೆಯ ಹೊತ್ತಿಗೆ ಕ್ಯಾನ್ಸರಿನ ಕುರುಹೇ ಉಳಿದಿರಲಿಲ್ಲ. ಆದರೆ ಅಲ್ಲಿ ಹೋಲಿಕೆಯ ಗುಂಪು ಇರಲಿಲ್ಲ. ಹಾಗಾಗಿ ಇವು ಮುಂದಿನ ಪರೀಕ್ಷೆಗೆ ದಾರಿ ತೋರಿಸಿವೆಯೇ ಹೊರತು ಗುರಿ ಮುಟ್ಟಿಸಿಲ್ಲ. ಸ್ತನ ಕ್ಯಾನ್ಸರಿಗೆ ಇಂದಿಗೂ ವೈರಸ್ ಔಷಧಿ ನಿತ್ಯದ ಚಿಕಿತ್ಸೆಯಾಗಿಲ್ಲ.

ಈ ಜೋಡಿಯಲ್ಲಿ ಒಂದು ಎತ್ತು ಮಾತ್ರ ಮುಂದೆ ಬಂದಿದೆ. ಟ್ರಿಪಲ್ ನೆಗೆಟಿವ್ ಬಗೆಯ 1,174 ರೋಗಿಗಳ ಪರೀಕ್ಷೆಯಲ್ಲಿ ಕಿಮೊಥೆರಪಿಯ ಜೊತೆ ಪೆಂಬ್ರೊಲಿಝುಮಾಬ್ ಪಡೆದವರಲ್ಲಿ ಶೇಕಡ 86.6 ಮಂದಿ ಐದು ವರ್ಷ ಬದುಕಿದ್ದರು. ಪಡೆಯದವರಲ್ಲಿ ಶೇಕಡ 81.7 ಮಂದಿ. 2021ರಲ್ಲಿ ಅಮೆರಿಕ ಇದನ್ನು ಮಂಜೂರು ಮಾಡಿತು. ನೂರರಲ್ಲಿ ಐದು ಜೀವ ಎಂದರೆ ಸಣ್ಣ ಮಾತಲ್ಲ. ಜೊತೆಗೆ ಥೈರಾಯ್ಡ್‌ನಂತಹ ಗ್ರಂಥಿಗಳಿಗೆ ಶಾಶ್ವತ ಹಾನಿಯಾಗುವ ಅಪಾಯವೂ ಇದೆ. ಬ್ರೇಕ್ ಬಿಟ್ಟ ಗಾಡಿ ಕೆಲವೊಮ್ಮೆ ಸ್ವಂತ ಮನೆಗೇ ನುಗ್ಗುತ್ತದೆ.

ಝಾಗ್ರೆಬ್‌ನ ವಿಜ್ಞಾನಿ

ಈಗ ಮೊದಲು ಹೇಳಿದ ಸುದ್ದಿಗೆ ಬರೋಣ. ಆಕೆ ಕ್ರೊಯೇಷಿಯಾದ ಝಾಗ್ರೆಬ್ ವಿಶ್ವವಿದ್ಯಾಲಯದ ವೈರಸ್ ತಜ್ಞೆ ಬಿಯಾಟಾ ಹಲಾಸಿ. ಸ್ತನವನ್ನು ತೆಗೆದ ಜಾಗದಲ್ಲೇ 2020ರಲ್ಲಿ ಕ್ಯಾನ್ಸರ್ ಮರುಕಳಿಸಿತು. ಆಗ ಅವರಿಗೆ 49 ವರ್ಷ. ಇನ್ನೊಂದು ಸುತ್ತು ಕಿಮೊಥೆರಪಿಗೆ ಮನಸ್ಸಾಗದೆ, ತಾವು ವೃತ್ತಿಯಿಂದ ಬಲ್ಲ ವೈರಸ್ಸುಗಳತ್ತ ತಿರುಗಿದರು. ಸಹೋದ್ಯೋಗಿಯೊಬ್ಬರು ಎರಡು ತಿಂಗಳ ಕಾಲ ಮೊದಲು ದಡಾರದ ಲಸಿಕೆಯ ತಳಿಯನ್ನು, ಬಳಿಕ ದನಗಳ ಬಾಯಿಹುಣ್ಣಿನ ಒಂದು ವೈರಸ್ಸನ್ನು ಗಡ್ಡೆಗೆ ಚುಚ್ಚಿದರು. ಅವರ ವೈದ್ಯರು ಉದ್ದಕ್ಕೂ ನಿಗಾ ಇಟ್ಟಿದ್ದರು. ಗಡ್ಡೆ ಕುಗ್ಗಿ ಮೆದುವಾಗಿ ಸುತ್ತಲ ಸ್ನಾಯುವಿನಿಂದ ಬಿಡಿಸಿಕೊಂಡಿತು. ಶಸ್ತ್ರಚಿಕಿತ್ಸೆಯಲ್ಲಿ ಅದನ್ನು ತೆಗೆದಾಗ ಅದರೊಳಗೆ ರಕ್ಷಣಾಪಡೆಯ ಕೋಶಗಳು ತುಂಬಿದ್ದವು. ನಂತರ ಒಂದು ವರ್ಷ ಟ್ರಾಸ್ಟುಝುಮಾಬ್ ಔಷಧಿ ಪಡೆದರು. ವರದಿ ಪ್ರಕಟವಾದಾಗ ನಾಲ್ಕು ವರ್ಷಗಳಿಂದ ಅವರು ಕ್ಯಾನ್ಸರ್ ಮುಕ್ತರಾಗಿದ್ದರು.

ಮೊಬೈಲ್ ಸಂದೇಶದಲ್ಲಿ ಬಿಟ್ಟುಹೋದದ್ದು ಈ ವಿವರಗಳೇ. ಅವರು ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡರು, ಅಂಗೀಕೃತ ಔಷಧಿಯನ್ನೂ ತೆಗೆದುಕೊಂಡರು. ಅವರ ಬರಹವನ್ನು ಹನ್ನೆರಡಕ್ಕೂ ಹೆಚ್ಚು ಪತ್ರಿಕೆಗಳು ತಿರಸ್ಕರಿಸಿದ್ದವು. ಇದನ್ನು ನೋಡಿ ಬೇರೆಯವರೂ ಸ್ವಯಂ ಚಿಕಿತ್ಸೆಗೆ ಇಳಿದಾರೆಂಬ ಭಯ ಅದಕ್ಕೆ ಮುಖ್ಯ ಕಾರಣ. ತಾನೇನು ಮಾಡುತ್ತಿದ್ದೇನೆಂದು ಪೂರ್ತಿ ಬಲ್ಲ ಹೆಣ್ಣೊಬ್ಬಳು ತನ್ನ ದೇಹದ ಮೇಲೆ ತಾನೇ ತೀರ್ಮಾನ ಕೈಗೊಂಡಳು. ಬ್ರೂಕ್ಲಿನ್‌ನ 22 ಮಂದಿಗೆ ಇಲ್ಲದಿದ್ದ ತಿಳಿವೂ ಆಯ್ಕೆಯೂ ಆಕೆಗೆ ಇತ್ತು.

ಇನ್ನೊಂದು ಸ್ವಾರಸ್ಯವಿದೆ. ಆಕೆ ಬಳಸಿದ ದಡಾರದ ತಳಿಯ ಹೆಸರು ಎಡ್ಮನ್‌ಸ್ಟನ್-ಝಾಗ್ರೆಬ್. ಪುಣೆಯಲ್ಲಿ ತಯಾರಾಗುವ ದಡಾರ-ರುಬೆಲ್ಲಾ ಲಸಿಕೆಯಲ್ಲಿ ಇರುವುದೂ ಅದೇ ತಳಿ. 2017ರ ಫೆಬ್ರವರಿಯಲ್ಲಿ ಕರ್ನಾಟಕದ ಶಾಲೆಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಈ ಜೋಡಿ ಲಸಿಕೆಯ ಅಭಿಯಾನ ನಡೆದಾಗ, 'ಇದರಲ್ಲಿ ಏನೋ ಕುತಂತ್ರವಿದೆ' ಎಂಬ ವದಂತಿಗಳು ಇದೇ ಮೊಬೈಲುಗಳಲ್ಲಿ ಹರಿದಾಡಿ ಎಷ್ಟೋ ತಾಯಂದಿರು ಹಿಂಜರಿದರು. ಅಂದು ವೈರಸ್ ಎಂದರೆ ವಿಷ, ಇಂದು ವೈರಸ್ ಎಂದರೆ ಅಮೃತ! ಎರಡೂ ಸತ್ಯದಿಂದ ಅಷ್ಟೇ ದೂರ.

ನಮ್ಮ ಊರಿಗೆ ಬರುವುದು ಯಾವಾಗ?

ಬೆಂಗಳೂರಿನ ಹೊಸೂರು ರಸ್ತೆಯಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ 1973ರಲ್ಲಿ ಸ್ಥಾಪನೆಯಾಯಿತು. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರನ್ನು ಹೊತ್ತ ಈ ಆಸ್ಪತ್ರೆ ನಾಡಿನ ಮೂಲೆಮೂಲೆಯ ಬಡ ರೋಗಿಗಳ ಆಸರೆ. 1982ರಿಂದ ಬೆಂಗಳೂರಿನ ಕ್ಯಾನ್ಸರ್ ಪ್ರಕರಣಗಳ ಲೆಕ್ಕ ಇಡುತ್ತಿರುವುದೂ ಈ ಸಂಸ್ಥೆಯೇ. ಆಗ ನಗರದ ಹೆಂಗಸರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಮುಂದಿತ್ತು. ಈಗ ಆ ಸ್ಥಾನ ಸ್ತನ ಕ್ಯಾನ್ಸರಿನದು. 2022ರ ಅಂದಾಜಿನಂತೆ ದೇಶದಲ್ಲಿ ಒಂದು ವರ್ಷಕ್ಕೆ ಸುಮಾರು 1,92,000 ಮಹಿಳೆಯರಿಗೆ ಈ ರೋಗ ತಗುಲುತ್ತದೆ. ಸುಮಾರು 98,000 ಮಂದಿ ಸಾಯುತ್ತಾರೆ.

ಹೊಸ ಔಷಧಿ ನಮ್ಮ ಕೈಗೆ ಬರಲು ಎಷ್ಟು ಕಾಲ ಬೇಕು ಎಂಬುದಕ್ಕೆ ಟ್ರಾಸ್ಟುಝುಮಾಬ್ ಕಥೆಯೇ ಅಳತೆಗೋಲು. ಹರ್-2 ಬಗೆಯ ಸ್ತನ ಕ್ಯಾನ್ಸರಿಗೆ ಅಮೆರಿಕದಲ್ಲಿ ಅದು ಬಂದದ್ದು 1998ರಲ್ಲಿ. ಬೆಂಗಳೂರಿನ ಬಯೋಕಾನ್ ಕಂಪೆನಿ ಅದರ ಸಮಾನ ಔಷಧಿಯನ್ನು ಮಾರುಕಟ್ಟೆಗೆ ತಂದದ್ದು 2014ರಲ್ಲಿ, ಅಂದರೆ 16 ವರ್ಷಗಳ ನಂತರ. ಆಗಲೂ 440 ಮಿಲಿಗ್ರಾಂ ಸೀಸೆಯ ಬೆಲೆ 57,500 ರೂಪಾಯಿ. 2015ರಲ್ಲಿ ಅದು ದೇಶದ ಅಗತ್ಯ ಔಷಧಿಗಳ ಪಟ್ಟಿ ಸೇರಿತು. ರಾಜಗೋಪಾಲನಗರದ ಹೊಲಿಗೆ ಕೆಲಸದಾಕೆಗೆ ಆ ಒಂದು ಸೀಸೆ ಎಷ್ಟು ತಿಂಗಳ ಸಂಬಳ ಎಂಬುದನ್ನು ಓದುಗರೇ ಲೆಕ್ಕ ಹಾಕಲಿ. ಎಲೆಕ್ಟ್ರಾನಿಕ್ ಸಿಟಿಯ ಔಷಧಿಗೂ ಪೀಣ್ಯದ ಹೆಣ್ಣುಮಗಳಿಗೂ ನಡುವೆ ಒಂದೇ ನಗರವಿದ್ದರೂ ದೂರ ಬಹಳವಿದೆ.

ಬೊಮ್ಮಸಂದ್ರದ ಇಮ್ಯುನೀಲ್ ಕಂಪೆನಿ 2025ರಲ್ಲಿ ರೋಗಿಯ ಟಿ ಕೋಶಗಳನ್ನೇ ಮಾರ್ಪಡಿಸಿ ಮರಳಿ ಕೊಡುವ ಚಿಕಿತ್ಸೆಯೊಂದನ್ನು ಬಿಡುಗಡೆ ಮಾಡಿತು. ಅದು ಒಂದು ಬಗೆಯ ದುಗ್ಧಗ್ರಂಥಿ ಕ್ಯಾನ್ಸರಿಗೆ, ಸ್ತನ ಕ್ಯಾನ್ಸರಿಗಲ್ಲ. ಆದರೂ ಇಂಥ ವಿದ್ಯೆ ನಮ್ಮ ನೆಲದಲ್ಲಿ ಬೇರೂರುತ್ತಿದೆ ಎಂಬುದು ಸಮಾಧಾನದ ವಿಷಯ. ಬ್ರೇಕ್ ಬಿಡಿಸುವ ಔಷಧಿಗಳ ಪೂರ್ಣ ಚಿಕಿತ್ಸೆಗೆ ಇಂದಿಗೂ ಲಕ್ಷಗಟ್ಟಲೆ ರೂಪಾಯಿ ಬೇಕು. ಇದಕ್ಕೆ ಮುಂಬೈಯ ಟಾಟಾ ಆಸ್ಪತ್ರೆಯ ವೈದ್ಯರು ಹುಡುಕಿದ ದಾರಿ ಗಮನಾರ್ಹ. 2022ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್ ರೋಗಿಗಳಿಗೆ ನಿವೊಲುಮಾಬ್ ಔಷಧಿಯನ್ನು ಮಾಮೂಲಿನ ಹತ್ತನೇ ಒಂದು ಪಾಲಿಗೂ ಕಡಿಮೆ, ಅಂದರೆ 20 ಮಿಲಿಗ್ರಾಂ ಮಾತ್ರ, ಅಗ್ಗದ ಮಾತ್ರೆಗಳ ಜೊತೆ ಕೊಡಲಾಯಿತು. ಒಂದು ವರ್ಷ ಬದುಕಿದವರ ಪ್ರಮಾಣ ಶೇಕಡ 16.3ರಿಂದ 43.4ಕ್ಕೆ ಏರಿತು. ಬಡ ದೇಶದ ವೈದ್ಯರು ಕೇಳಬೇಕಾದ ಪ್ರಶ್ನೆ ಇದು: ಎಷ್ಟು ಕೊಟ್ಟರೆ ಸಾಕು?

ಕೈಯಲ್ಲಿರುವ ಮದ್ದು

ಎರಡು ಶತಮಾನಗಳ ಈ ಚರಿತ್ರೆಯಿಂದ ಒಂದು ವಿವೇಕ ದಕ್ಕುತ್ತದೆ. ಇಂತಹ ಸುದ್ದಿ ಬಂದಾಗಲೆಲ್ಲ ಎರಡು ಮಾತು ಕೇಳಬೇಕು. ಇದನ್ನು ಯಾರ ಮೇಲೆ ಪರೀಕ್ಷಿಸಲಾಗಿದೆ, ಇಲಿಯ ಮೇಲೋ, ಒಬ್ಬರ ಮೇಲೋ, ನೂರಾರು ಜನರ ಮೇಲೋ? ಮತ್ತು, ಅವರನ್ನು ಕೇಳಿ ಮಾಡಲಾಗಿದೆಯೇ? ಈ ಎರಡಕ್ಕೂ ಉತ್ತರ ಸಿಗುವವರೆಗೆ, ನಡೆಯುತ್ತಿರುವ ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟು ಕೂರುವುದು ಜೀವಕ್ಕೆ ಎರವಾಗುವ ತಪ್ಪು.

ವೈರಸ್ ಚಿಕಿತ್ಸೆ ಒಂದಲ್ಲ ಒಂದು ದಿನ ಬಂದೀತು. ಆದರೆ ಕಾಯಬೇಕಾಗಿಲ್ಲದ ಮದ್ದೊಂದು ಈಗಲೇ ಇದೆ. ಮುಂಬೈಯ ಕೊಳೆಗೇರಿಗಳ 1,51,538 ಮಹಿಳೆಯರ ಮೇಲೆ 20 ವರ್ಷ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತರಬೇತಿ ಪಡೆದ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಸ್ತನ ಪರೀಕ್ಷೆ ಮಾಡಿದರು. ರೋಗ ಬೇಗನೆ ಪತ್ತೆಯಾಯಿತು. 50 ದಾಟಿದ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಶೇಕಡ 30ರಷ್ಟು ಕಡಿಮೆಯಾಯಿತು. ಕಿರಿಯರಲ್ಲಿ ಸಾವು ಇಳಿಯಲಿಲ್ಲ ಎಂಬುದನ್ನೂ ಹೇಳಬೇಕು. ಇದಕ್ಕೆ ದುಬಾರಿ ಯಂತ್ರ ಬೇಕಿಲ್ಲ. ಬೇಕಿರುವುದು ಕಲಿತ ಒಂದು ಕೈ, ಮತ್ತು ಕಾರ್ಖಾನೆ ಕೊಡಬೇಕಾದ ಅರ್ಧ ದಿನದ ಸಂಬಳಸಹಿತ ರಜೆ.

ಗಡ್ಡೆ ಚಿಕ್ಕದಿರುವಾಗಲೇ ಬನ್ನಿ ಎಂಬುದೇ ಕೊರ್ಡೊವಾದ ವೈದ್ಯನ ಮಾತಿನ ಸಾರವೂ ಆಗಿತ್ತು. ಅವರ ಬಳಿ ಅದಕ್ಕಿಂತ ಹೆಚ್ಚಿನದೇನೂ ಇರಲಿಲ್ಲ. ನಮ್ಮ ಬಳಿ ಬಹಳಷ್ಟಿದೆ. ಆದರೂ ಪೀಣ್ಯದ ಸೈರನ್ ಕೂಗಿದಾಗ ಡಬ್ಬಿ ಹಿಡಿದು ಓಡುವ ಆ ಹೆಣ್ಣುಮಗಳಿಗೆ, ಸಾವಿರ ವರ್ಷದ ಹಿಂದಿನ ಆ ಒಂದು ಮಾತನ್ನು ಪಾಲಿಸುವಷ್ಟು ಬಿಡುವನ್ನೂ ನಾವು ಕೊಟ್ಟಿಲ್ಲ.